ಆರ್ಡರ್ ಒಳಗೆ ಐಟಂ, ಐಟಂ ಒಳಗೆ ಪ್ರಾಡಕ್ಟ್: ರೈಲ್ಸ್‌ನಲ್ಲಿ ನಾನು ಜೇಸನ್ ಕಟ್ಟಿದ್ದು

ಒಂದು ಸಗಟು ಅಂಗಡಿಯ ಆರ್ಡರ್ ಆ್ಯಪ್‌ನ ಸರ್ವರ್ ಕಡೆಯ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಿಂದೆ, ಅಂದರೆ ಸರ್ವರ್‌ನಲ್ಲಿ, ರೂಬಿ ಭಾಷೆಯ ರೈಲ್ಸ್; ಮುಂದೆ, ಅಂದರೆ ಪರದೆಯ ಕಡೆ, ಜಾವಾಸ್ಕ್ರಿಪ್ಟ್‌ನ ರಿಯಾಕ್ಟ್. ಎರಡರ ನಡುವೆ ಡೇಟಾ ಹೋಗೋದು ಜೇಸನ್ ಅನ್ನೋ ಪಠ್ಯರೂಪದಲ್ಲಿ. ಮಾಡೆಲ್‌ಗಳು, ಅಂದರೆ ಡೇಟಾಬೇಸ್‌ನ ಒಂದೊಂದು ಟೇಬಲ್‌ಗೆ ಒಂದೊಂದು ಕ್ಲಾಸ್, ಮುಖ್ಯವಾಗಿ ಮೂರೇ. ಒಂದು ಆರ್ಡರ್‌ಗೆ ಹಲವು ಐಟಂ, ಪ್ರತಿ ಐಟಂಗೆ ಒಂದು ಪ್ರಾಡಕ್ಟ್. ರಿಯಾಕ್ಟ್ ಬರೆಯುವ ಹುಡುಗ ಕೇಳಿದ್ದು ಇಷ್ಟೇ: "ಗುರು, ಒಂದೇ ಕಾಲ್‌ನಲ್ಲಿ ಎಲ್ಲಾ ಕೊಟ್ಬಿಡು, ಮೂರು ಮೂರು ಸಲ ಕೇಳೋಕೆ ನನ್ ಕೈಲಾಗಲ್ಲ."

ರೈಲ್ಸ್‌ನಲ್ಲಿ ಇದು ಒಂದು ಸಾಲಿನ ಕೆಲಸ. ಕಂಟ್ರೋಲರ್‌ನಲ್ಲಿ (ಬಂದ ಕೋರಿಕೆಗೆ ಉತ್ತರ ಕೊಡುವ ಕೋಡ್) 'ರೆಂಡರ್ ಜೇಸನ್' ಅಂತ ಬರೆದು ಆರ್ಡರ್‌ಗಳನ್ನು ಕೊಡಿ, ಪಕ್ಕದಲ್ಲಿ 'ಇನ್‌ಕ್ಲೂಡ್' ಹಾಕಿ ಅದರೊಳಗೆ ಐಟಂ, ಐಟಂನ ಇನ್‌ಕ್ಲೂಡ್ ಒಳಗೆ ಪ್ರಾಡಕ್ಟ್. ಮುಗೀತು. ಹತ್ತು ನಿಮಿಷದಲ್ಲಿ ಮಾಡಿ ಟೀ ಕುಡಿಯೋಕೆ ಹೋದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಐದಾರು ಆರ್ಡರ್, ಹಾಗಾಗಿ ಏನೂ ಗೊತ್ತಾಗಲಿಲ್ಲ. ನಿಜವಾದ ಡೇಟಾ ಬಂದ ಮೇಲೆ ಪೇಜ್ ತೆರೆಯೋಕೆ ಏದುಸಿರು ಬಿಡೋ ಹಾಗಾಯ್ತು. ಲಾಗ್ ನೋಡಿದರೆ ಕ್ವೆರಿಗಳ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳ, ಮೆರವಣಿಗೆ. ಲೆಕ್ಕ ಸುಲಭ. ಒಂದು ಪುಟಕ್ಕೆ 50 ಆರ್ಡರ್, ಒಂದೊಂದರಲ್ಲಿ ನಾಲ್ಕು ಐಟಂ ಅಂದುಕೊಳ್ಳಿ. ಆರ್ಡರ್‌ಗಳಿಗೆ 1 ಕ್ವೆರಿ, ಐಟಂಗಳಿಗೆ 50, ಪ್ರಾಡಕ್ಟ್‌ಗಳಿಗೆ 200. ಒಟ್ಟು 251. ಅದೇ ಪ್ರಾಡಕ್ಟ್ ಮತ್ತೆ ಬಂದಾಗ ಲಾಗ್ ಸಾಲಿನ ಮುಂದೆ 'ಕ್ಯಾಶ್' (ಮೊದಲೇ ತಂದು ನೆನಪಿಟ್ಟದ್ದು) ಅಂತ ತೋರಿಸುತ್ತೆ, ಡೇಟಾಬೇಸ್‌ವರೆಗೆ ಹೋಗಲ್ಲ ನಿಜ, ಆದರೂ ರೂಬಿ ಪ್ರತಿ ಸಲ ಹೊಸ ಆಬ್ಜೆಕ್ಟ್ ಕಟ್ಟುತ್ತಾ ಕೂರುತ್ತೆ.

ನಾನು ಎಡವಿದ್ದು ಹೆಸರಿನಲ್ಲಿ. 'ಇನ್‌ಕ್ಲೂಡ್' ಬೇರೆ, 'ಇನ್‌ಕ್ಲೂಡ್ಸ್' ಬೇರೆ. ಮೊದಲನೆಯದು ಜೇಸನ್‌ನಲ್ಲಿ ಏನು ಕಾಣಿಸಬೇಕು ಅಂತ ಹೇಳುತ್ತೆ, ಅಷ್ಟೇ. ಅದನ್ನು ಡೇಟಾಬೇಸ್‌ನಿಂದ ಒಟ್ಟಿಗೆ ತರುವ ಕೆಲಸ ಎರಡನೆಯದರದ್ದು, ಅದನ್ನು ಕ್ವೆರಿಗೆ ನಾವೇ ಸೇರಿಸಬೇಕು. ಕೊನೆಗೆ ಒಂದು 'ಸ್' ಇರೋದು ಬಿಡೋದರಲ್ಲಿ ಇಷ್ಟು ವ್ಯತ್ಯಾಸ ಇಟ್ಟವರಿಗೆ ಏನು ಹೇಳೋಣ! ಸೇರಿಸಿದೆ, 251 ಹೋಗಿ 3 ಆಯ್ತು.

ಅದಾದ ಮೇಲೆ ಬಂದದ್ದು ನಿಜವಾಗಲೂ ಬೆವರು ಇಳಿಸಿದ ವಿಷಯ. ಬ್ರೌಸರ್‌ನಲ್ಲಿ ಜೇಸನ್ ತೆರೆದು ಸುಮ್ನೆ ಕಣ್ಣಾಡಿಸುತ್ತಿದ್ದೆ. ಪ್ರಾಡಕ್ಟ್ ಒಳಗೆ ಅಂಗಡಿಯವರ ಖರೀದಿ ಬೆಲೆ ಕೂತಿತ್ತು! ಇನ್‌ಕ್ಲೂಡ್ ಮಾಡುವಾಗ 'ಓನ್ಲಿ' ಅಂತ ಕಾಲಂಗಳ ಪಟ್ಟಿ ಕೊಡದಿದ್ದರೆ ಟೇಬಲ್‌ನಲ್ಲಿ ಇರೋದೆಲ್ಲಾ ಹೋಗುತ್ತೆ. ಗಿರಾಕಿ ಎಫ್12 ಒತ್ತಿ ಬ್ರೌಸರ್‌ಗೆ ಬಂದ ಡೇಟಾ ತೆರೆದರೆ ತನಗೆ ಎಷ್ಟು ಲಾಭ ಹಾಕಿದ್ದಾರೆ ಅಂತ ನೋಡಬಹುದಿತ್ತು. ಪುಣ್ಯಕ್ಕೆ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಯೂಸರ್ ಮಾಡೆಲ್ ಸೇರಿಸಿದ್ದರೆ ಪಾಸ್‌ವರ್ಡ್ ಡೈಜೆಸ್ಟ್ (ಪಾಸ್‌ವರ್ಡ್‌ನ ಗುಪ್ತರೂಪ) ಕೂಡ ಹೊರಗೆ ಹೋಗುತ್ತಿತ್ತು, ರೈಲ್ಸ್ ಅದನ್ನು ತಾನಾಗಿ ಮುಚ್ಚಿಡಲ್ಲ.

ಎಲ್ಲಾ ಕಡೆ ಓನ್ಲಿ ಬರೆಯೋದು ಯಾಕೆ, ಪ್ರಾಡಕ್ಟ್ ಮಾಡೆಲ್‌ನಲ್ಲೇ ಒಂದು ಸಲ ತಡೆಯೋಣ ಅಂತ ಅಲ್ಲಿ ಜೇಸನ್‌ಗೆ ಏನು ಹೋಗಬೇಕು ಅಂತ ಹೇಳುವ 'ಆ್ಯಸ್_ಜೇಸನ್' ಮೆಥಡ್ ಬರೆದು ಖರೀದಿ ಬೆಲೆ ತೆಗೆದೆ. ಪ್ರಾಡಕ್ಟ್ ಪಟ್ಟಿಯ ಪುಟದಲ್ಲಿ ಮಾಯವಾಯ್ತು. ಆರ್ಡರ್ ಪುಟದಲ್ಲಿ ಮಾತ್ರ ಹಾಗೇ ಇದೆ. ಸರ್ವರ್ ನಿಲ್ಲಿಸಿ ಶುರು ಮಾಡಿದೆ, ಬ್ರೌಸರ್ ಕ್ಯಾಶ್ ಅಳಿಸಿದೆ, ಸ್ಪೆಲಿಂಗ್ ನೋಡಿದೆ, ಅರ್ಧ ದಿನ ಹೋಯ್ತು. ಕೊನೆಗೆ ರೈಲ್ಸ್‌ನ ಕೋಡ್ ತೆರೆದು ಓದಿದಾಗ ಗೊತ್ತಾಯ್ತು: ಆ್ಯಸ್_ಜೇಸನ್ ಕರೆಯೋದು ಹೊರಗಿನ ಮಾಡೆಲ್‌ನದ್ದು ಮಾತ್ರ. ಅದು ಒಳಗೆ 'ಸೀರಿಯಲೈಸಬಲ್_ಹ್ಯಾಶ್' ಅನ್ನೋ ಮೆಥಡ್ ಕರೆಯುತ್ತೆ, ಆ ಮೆಥಡ್ ಒಳಗಿನ ಐಟಂ, ಪ್ರಾಡಕ್ಟ್‌ಗಳನ್ನು ಕರೆಯುವಾಗಲೂ ಅವುಗಳ ಸೀರಿಯಲೈಸಬಲ್_ಹ್ಯಾಶ್ ಅನ್ನೇ ಕರೆಯುತ್ತೆ. ನಾನು ಪ್ರಾಡಕ್ಟ್‌ನಲ್ಲಿ ಬರೆದ ಆ್ಯಸ್_ಜೇಸನ್ ಕಡೆಗೆ ಯಾರೂ ತಿರುಗಿಯೂ ನೋಡಿರಲಿಲ್ಲ.

ಸೀರಿಯಲೈಸಬಲ್_ಹ್ಯಾಶ್ ಬದಲಿಸಿದೆ, ಸರಿಹೋಯ್ತು. ಮೂರೇ ದಿನ. ಅಂಗಡಿ ಮಾಲೀಕರು "ನಮ್ಮ ಅಡ್ಮಿನ್ ಪುಟದಲ್ಲಿ ಖರೀದಿ ಬೆಲೆ ಯಾಕೆ ಕಾಣಿಸ್ತಿಲ್ಲ ಸಾರ್?" ಅಂದರು. ಅವರು ಕೇಳಿದ್ದು ನ್ಯಾಯವೇ ಅಲ್ವಾ? ಒಂದೇ ಪ್ರಾಡಕ್ಟ್, ಗಿರಾಕಿಗೆ ಒಂದು ರೂಪ, ಮಾಲೀಕರಿಗೆ ಇನ್ನೊಂದು. ಯಾರು ನೋಡುತ್ತಿದ್ದಾರೆ ಅಂತ ಮಾಡೆಲ್‌ಗೆ ಹೇಗೆ ಗೊತ್ತಾಗಬೇಕು?

ಆಗ ಮಾಡೆಲ್‌ನಿಂದ ಜೇಸನ್ ಕೆಲಸವನ್ನೇ ಕಿತ್ತು ಹಾಕಿದೆ. ಜೇಸನ್ ಕಟ್ಟೋಕೆ ಜೆಬಿಲ್ಡರ್ ಅನ್ನೋ ಲೈಬ್ರರಿ ಇದೆ, ರೈಲ್ಸ್ ಜೊತೆಗೇ ಬರುತ್ತೆ, ಚೆನ್ನಾಗೂ ಇದೆ. ಅದೇ ಕೆಲಸದ ಇನ್ನೊಂದು ಲೈಬ್ರರಿ ಆ್ಯಕ್ಟಿವ್ ಮಾಡೆಲ್ ಸೀರಿಯಲೈಸರ್ಸ್ ಕೂಡ ನೋಡಿದೆ. ಅದರ 0.10 ಆವೃತ್ತಿಯಲ್ಲಿ ಮೊದಲ ಹಂತ ಮಾತ್ರ ತಾನಾಗಿ ಬರುತ್ತೆ, ಪ್ರಾಡಕ್ಟ್ ಬೇಕಂದ್ರೆ ಇಡೀ ದಾರಿ ಬರೆದು ಕೊಡಬೇಕು. ನನಗೆ ಸಾಕಾಗಿತ್ತು. ಸಾದಾ ರೂಬಿ ಕ್ಲಾಸ್ ಬರೆದೆ, ಗಿರಾಕಿಗೆ ಒಂದು, ಅಡ್ಮಿನ್‌ಗೆ ಒಂದು. ಆರ್ಡರ್ ತಗೊಂಡು, ಯಾವ ಕೀ ಬೇಕೋ ಅಷ್ಟನ್ನೇ ಕೈಯಾರೆ ಬರೆದ ಹ್ಯಾಶ್ (ಕೀ, ಬೆಲೆಗಳ ಜೋಡಿಪಟ್ಟಿ) ಕೊಡುತ್ತೆ. ಟೈಪ್ ಮಾಡೋದು ಜಾಸ್ತಿ, ಒಪ್ಪುತ್ತೇನೆ. ಆದರೆ ನಾನು ಬರೆಯದ ಕಾಲಂ ಹೊರಗೆ ಹೋಗಲ್ಲ, ನಾಳೆ ಯಾರೋ ಟೇಬಲ್‌ಗೆ ಹೊಸ ಕಾಲಂ ಸೇರಿಸಿದರೂ ಭಯವಿಲ್ಲ. ಯಾವುದನ್ನೆಲ್ಲಾ ಮೊದಲೇ ತರಬೇಕು ಅನ್ನೋ ಇನ್‌ಕ್ಲೂಡ್ಸ್ ಪಟ್ಟಿಯನ್ನೂ ಅದೇ ಫೈಲ್‌ನಲ್ಲಿ ಇಟ್ಟೆ.

ಇಟ್ಟ ಮೇಲೂ 50 ಕ್ವೆರಿ ವಾಪಸ್ ಬಂದವು. ಐಟಂಗಳ ಸಂಖ್ಯೆಗೆ 'ಕೌಂಟ್' ಅಂತ ಬರೆದಿದ್ದೆ. ಕೌಂಟ್ ಯಾವಾಗಲೂ ಡೇಟಾಬೇಸ್‌ಗೆ ಓಡುತ್ತೆ. 'ಸೈಜ್' ಅಂದರೆ ಕೈಯಲ್ಲಿ ಇರೋದನ್ನು ಎಣಿಸುತ್ತೆ. ಸಾಲು ಹಚ್ಚುವ 'ಆರ್ಡರ್' ಮೆಥಡ್, ಸೋಸುವ 'ವೇರ್' ಮೆಥಡ್ ಕೂಡ ಹಾಗೇ, ತಂದಿಟ್ಟದ್ದನ್ನು ಬಿಟ್ಟು ಮತ್ತೆ ಹೊಸದಾಗಿ ಕೇಳುತ್ತವೆ. ಈಗ ಸಾಲು ಹಚ್ಚೋಕೆ 'ಸಾರ್ಟ್_ಬೈ' ಹಾಕುತ್ತೇನೆ. ರೈಲ್ಸ್ 6.1 ಅಥವಾ ಮೇಲಿನದು ಇದ್ದರೆ 'ಸ್ಟ್ರಿಕ್ಟ್_ಲೋಡಿಂಗ್' ಹಾಕಿ, ಇನ್‌ಕ್ಲೂಡ್ಸ್ ಮರೆತ ಕಡೆ ಎರರ್ ಎಸೆಯುತ್ತೆ.

ಬೆಲೆಯ ವಿಷಯ ಒಂದು ಬಾಕಿ ಇದೆ. ಒಂದು ದಿನ ಹುಡುಗ ಸ್ಕ್ರೀನ್‌ಶಾಟ್ ಕಳಿಸಿದ. ಒಟ್ಟು ಮೊತ್ತದ ಜಾಗದಲ್ಲಿ 0120.580.0 ಅಂತ ಇತ್ತು. ಸೊನ್ನೆಯಿಂದ ಶುರು ಮಾಡಿ 120.5ಕ್ಕೆ 80.0 ಸೇರಿಸಿದ್ದು! ಡೆಸಿಮಲ್ ಕಾಲಂ ಅನ್ನು ರೈಲ್ಸ್ ಜೇಸನ್‌ನಲ್ಲಿ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ ಕಳಿಸುತ್ತೆ, ಫ್ಲೋಟ್ (ಅಂದಾಜಿನ ದಶಮಾಂಶ ಸಂಖ್ಯೆ) ಆದರೆ ದಶಮಾಂಶ ಕೆಡುತ್ತೆ ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ. ಜಾವಾಸ್ಕ್ರಿಪ್ಟ್ ಆ ಸ್ಟ್ರಿಂಗ್‌ಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿತ್ತು. ಆಮೇಲೆ ಬೆಲೆಯನ್ನು ಪೈಸೆಯಲ್ಲೇ ಕಳಿಸತೊಡಗಿದೆ, 12050 ಅಂತ.

ಹೋದ ವಾರ ಅವನೇ ಮತ್ತೆ ಬಂದ. ಪ್ರಾಡಕ್ಟ್ ಒಳಗೆ ಕೆಟಗರಿ ಬೇಕಂತೆ, ಅದರ ವಿವರಣೆ, ಚಿತ್ರ ಎಲ್ಲಾ. ಇರೋದೇ ಹದಿನೈದು ಕೆಟಗರಿ, ಅದನ್ನು 200 ಐಟಂ ಒಳಗೂ ತುಂಬಿಸಿ ಕಳಿಸೋದಾ? ಪ್ರಾಡಕ್ಟ್‌ನಲ್ಲಿ ಕೆಟಗರಿ ಐಡಿ ಮಾತ್ರ ಇಟ್ಟು, ಕೆಟಗರಿ ಪಟ್ಟಿಗೆ ಬೇರೆ ಕಾಲ್ ಮಾಡಿಕೊಟ್ಟೆ, ಆ್ಯಪ್ ತೆರೆದಾಗ ಒಂದು ಸಲ ತಗೊಂಡರೆ ಸಾಕು. ಗೊಣಗಿದ, ಆದರೂ ಈಗ ಎರಡು ಸಲ ಕೇಳುತ್ತಾನೆ.