ಜರ್ಮನಿಗೆ ಹೊಸದಾಗಿ ಬಂದವರಿಗೆ: ವೀಸಾ, ವಿಳಾಸ, ಬಾಣಂತನ

ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನಿಂದ ವೀಸಾ ಬಂದ ದಿನ ಎಲ್ಲ ಮುಗಿಯಿತು ಅನಿಸುತ್ತದೆ. ಆದರೆ ಆ ವೀಸಾಕ್ಕೆ ಕೆಲವು ತಿಂಗಳ ಅಥವಾ ಹೆಚ್ಚೆಂದರೆ ಒಂದು ವರ್ಷದ ಆಯಸ್ಸು. ಆಮೇಲೂ ಇಲ್ಲೇ ಇರಬೇಕಾದರೆ ವಾಸದ ಪರವಾನಗಿ ಕಾರ್ಡ್ ಬೇಕು. ಅದನ್ನು ಕೊಡುವುದು ನೀವಿರುವ ಊರಿನ ವಿದೇಶಿಯರ ಕಚೇರಿ, ಇಲ್ಲಿಯವರು ಹೇಳುವ ಔಸ್‌ಲೆಂಡರ್‌ಬೆಹೋರ್ಡೆ. ನಮ್ಮ ಸಂಘಕ್ಕೆ ಫೋನ್ ಮಾಡುವ ಹೊಸಬರಲ್ಲಿ ಹೆಚ್ಚಿನವರದ್ದು ಒಂದೇ ಗಾಬರಿ: ತಾರೀಖು ಹತ್ತಿರ ಬಂತು, ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲ. ಮೊದಲಿನಿಂದ ತಾರೀಖುಗಳ ಮೇಲೆ ಕಣ್ಣಿಟ್ಟರೆ ಈ ಗಾಬರಿ ಬೇಕಾಗಿಲ್ಲ.

ಮೊದಲು ವಿಳಾಸ

ಮನೆಗೆ ಬಂದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಬಾಡಿಗೆ ಕರಾರು ಒಂದೇ ಸಾಲದು, ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಎಂದು ಮನೆ ಕೊಟ್ಟವರು ಬರೆದುಕೊಡುವ ಪತ್ರವೂ ಬೇಕು. ಸ್ವಲ್ಪ ದಿನಕ್ಕೆಂದು ಬಾಡಿಗೆಗೆ ಕೊಡುವವರಲ್ಲಿ ಕೆಲವರು ಇದನ್ನು ಕೊಡಲು ಒಪ್ಪುವುದಿಲ್ಲ. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ಕೇಳಿಕೊಳ್ಳಿ.

ಅಂಚೆ ಡಬ್ಬಿಯ ಮೇಲೆ ಹೆಸರು ಅಂಟಿಸುವುದನ್ನು ಮರೆಯಬೇಡಿ. ಇಲ್ಲಿ ಫ್ಲಾಟ್ ನಂಬರ್ ಬರೆಯುವ ರೂಢಿ ಕಡಿಮೆ, ಪೋಸ್ಟ್‌ನವರು ನೋಡುವುದು ಹೆಸರನ್ನೇ. ಹೆಸರು ಕಾಣದಿದ್ದರೆ ಪತ್ರ ವಾಪಸ್ ಹೋಗುತ್ತದೆ. ತೆರಿಗೆ ನಂಬರ್, ಆರೋಗ್ಯ ವಿಮೆಯ ಕಾರ್ಡ್, ವಿದೇಶಿಯರ ಕಚೇರಿಯ ಪತ್ರ ಎಲ್ಲವೂ ಬರುವುದು ಪೋಸ್ಟಿನಲ್ಲೇ. ನಮ್ಮಲ್ಲಿ ಗಂಡನ ಸರ್‌ನೇಮ್ ಊರಿನ ಹೆಸರಾಗಿರುತ್ತದೆ, ಹೆಂಡತಿಯದ್ದು ಅವರ ತಂದೆಯ ಹೆಸರು, ಮಗುವಿನದ್ದು ಮತ್ತೊಂದು. ಮೂವರದ್ದನ್ನೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಅದೇ ಸ್ಪೆಲ್ಲಿಂಗಿನಲ್ಲಿ ಅಂಟಿಸಿ.

ಕಾರ್ಡಿನ ಅರ್ಜಿ

ಕೈಯಲ್ಲಿರುವ ವೀಸಾ ಅಥವಾ ಕಾರ್ಡ್ ಮುಗಿಯುವುದಕ್ಕೆ ಮೊದಲೇ ಅರ್ಜಿ ಹಾಕಿ. ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗಬಹುದು, ಆದರೆ ಅರ್ಜಿ ತಡವಾಗಬಾರದು. ಆನ್‌ಲೈನ್ ಅರ್ಜಿಗೆ ಬಂದ ರಸೀದಿ, ಈಮೇಲ್ ಎಲ್ಲ ಜೋಪಾನವಾಗಿಡಿ. ಹೊತ್ತಿಗೆ ಸರಿಯಾಗಿ ಅರ್ಜಿ ಹಾಕಿದ್ದರೆ, ಕಚೇರಿಯವರು ತೀರ್ಮಾನ ಕೊಡುವವರೆಗೆ ಹಳೆಯ ಪರವಾನಗಿಯೇ ಮುಂದುವರಿಯುತ್ತದೆ. ಅದಕ್ಕೆ ಸಾಕ್ಷಿಯಾಗಿ ಕೊಡುವ ಕಾಗದವೇ ಫಿಕ್ಷನ್ಸ್‌ಬೆಶೈನಿಗುಂಗ್.

ಆ ಕಾಗದ ಹಿಡಿದು ಊರಿಗೆ ಹೊರಡುವ ಮುಂಚೆ ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ನೋಡಿ. ಜರ್ಮನಿಯ ವಾಸದ ಕಾನೂನಿನ ಕಲಂ 81ರ 4ನೇ ಉಪಕಲಂ ಎಂದಿದ್ದರೆ ಹೋಗಿ ವಾಪಸ್ ಬರಬಹುದು. 3ನೇ ಉಪಕಲಂ ಎಂದಿದ್ದರೆ ಬರೀ ಅದನ್ನು ನಂಬಿಕೊಂಡು ದೇಶ ಬಿಟ್ಟು ಹೋಗಬೇಡಿ. ಮದುವೆ, ಗೃಹಪ್ರವೇಶ ಅಂತ ಟಿಕೆಟ್ ಬುಕ್ ಮಾಡುವ ಮುಂಚೆಯೇ ಇದನ್ನು ನೋಡಿಕೊಳ್ಳಿ.

ಪಾಸ್‌ಪೋರ್ಟಿನ ಅವಧಿ ದಾಟಿ ಕಾರ್ಡ್ ಕೊಡುವುದಿಲ್ಲ. ಮಕ್ಕಳ ಭಾರತೀಯ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇರುವುದೇ ಐದು ವರ್ಷ. ಆದ್ದರಿಂದ ಮೊದಲು ಪಾಸ್‌ಪೋರ್ಟ್ ನವೀಕರಿಸಿ, ಆಮೇಲೆ ಕಾರ್ಡಿಗೆ ಹೋಗಿ.

ಬ್ಲೂ ಕಾರ್ಡ್ ಎಂದರೆ ಪರಿಣತ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ. ಅದು ಇರುವವರ ಗಂಡ ಅಥವಾ ಹೆಂಡತಿ ಬೇರೆ ಅನುಮತಿ ಇಲ್ಲದೆ ಯಾವ ಕೆಲಸಕ್ಕಾದರೂ ಸೇರಬಹುದು. ಇದು ಗೊತ್ತಿಲ್ಲದೆ ಸುಮ್ನೆ ಮನೆಯಲ್ಲೇ ಕೂತವರನ್ನು ನೋಡಿದರೆ ಬೇಜಾರಾಗುತ್ತದೆ.

ಬಾಣಂತನ ಎಲ್ಲಿ?

ಈ ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಮೊದಲ ಹೆರಿಗೆ ತವರಿನಲ್ಲಿ ಆಗಲಿ ಅಂತ ಅಮ್ಮಂದಿರ ಆಸೆ. ತಪ್ಪೇನಿಲ್ಲ. ಆದರೆ ಮಗು ಊರಿನಲ್ಲಿ ಹುಟ್ಟಿದರೆ ಅದಕ್ಕೆ ಪಾಸ್‌ಪೋರ್ಟ್ ಮಾಡಿಸಿ, ದೀರ್ಘ ವಾಸದ ವೀಸಾ ತೆಗೆದುಕೊಂಡೇ ಕರೆತರಬೇಕು. ಪ್ರವಾಸಿ ವೀಸಾದಲ್ಲಿ ಕರೆತಂದು ಇಲ್ಲಿ ಬದಲಾಯಿಸಿಕೊಳ್ಳೋಣ ಎಂದು ಹೊರಡಬೇಡಿ. ತಾಯಿ ಎಷ್ಟು ದಿನ ಹೊರಗಿರಬಹುದು ಎಂಬುದೂ ಇದೆ. ಸಾಮಾನ್ಯ ಪರವಾನಗಿ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ರದ್ದಾಗುತ್ತದೆ, ಬ್ಲೂ ಕಾರ್ಡಿನವರಿಗೂ ಅವರ ಕುಟುಂಬದವರಿಗೂ 12 ತಿಂಗಳ ಅವಕಾಶವಿದೆ.

ಮಗು ಇಲ್ಲೇ ಹುಟ್ಟಿದರೆ ತಾನಾಗಿ ಜರ್ಮನ್ ಪ್ರಜೆ ಆಗುವುದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಾದರೂ ಐದು ವರ್ಷ ಕಾನೂನುಬದ್ಧವಾಗಿ ಇಲ್ಲಿದ್ದು, ಕಾಯಂ ವಾಸದ ಹಕ್ಕು ಪಡೆದಿರಬೇಕು. ಹೊಸಬರ ಮಕ್ಕಳಿಗೆ ಭಾರತೀಯ ಪಾಸ್‌ಪೋರ್ಟ್ ಮಾಡಿಸಿ, ಹುಟ್ಟಿದ ಆರು ತಿಂಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಬರ್ಲಿನ್ನಿನ ರಾಯಭಾರ ಕಚೇರಿಯಲ್ಲೋ ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್ ಕಾನ್ಸುಲೇಟುಗಳಲ್ಲೋ ಪಾಸ್‌ಪೋರ್ಟ್ ಕೆಲಸ ಆಗುತ್ತದೆ. ಪಾಸ್‌ಪೋರ್ಟ್ ಬರಲಿ ಎಂದು ಕಾಯುತ್ತಾ ಆರು ತಿಂಗಳು ದಾಟಿಸಬೇಡಿ.

ಬಾಣಂತನಕ್ಕೆ ಅಮ್ಮ ಇಲ್ಲಿಗೇ ಬರುವುದಾದರೆ ಸ್ವಲ್ಪ ದಿನದ ಭೇಟಿಗೆ ಕೊಡುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಈ ಲೆಕ್ಕ ತಲೆಗೊಂದು. ಆದ್ದರಿಂದ ಅಮ್ಮ ಮೊದಲ ಮೂರು ತಿಂಗಳು, ಅತ್ತೆ ಮುಂದಿನ ಮೂರು ತಿಂಗಳು ಎಂದು ಹಂಚಿಕೊಳ್ಳುವ ಮನೆಗಳಿವೆ. ಒಳ್ಳೆಯ ಏರ್ಪಾಡು ಅಲ್ವಾ? ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಮೊದಲಿನಿಂದಲೂ ಇರುವ ಬಿಪಿ, ಶುಗರ್ ಚಿಕಿತ್ಸೆ ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ, ಪಾಲಿಸಿ ಓದಿಯೇ ಕೊಳ್ಳಿ. ಮಾತ್ರೆಗಳನ್ನು ಡಾಕ್ಟರ ಚೀಟಿಯ ಸಮೇತ ತರಲು ಹೇಳಿ.

ಕೆಲಸ ಬದಲಾದರೆ, ಹೋದರೆ

ಬ್ಲೂ ಕಾರ್ಡ್ ಸಿಕ್ಕಿ ಕೆಲಸಕ್ಕೆ ಸೇರಿದ ಮೊದಲ 12 ತಿಂಗಳಲ್ಲಿ ಕಂಪನಿ ಬದಲಿಸುವುದಾದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು. ಕೆಲಸ ಹೋದರೆ, ವಿಷಯ ಗೊತ್ತಾದ ಎರಡು ವಾರದೊಳಗೆ ತಿಳಿಸಬೇಕು. ಕೆಲಸ ಹೋದ ದಿನವೇ ಕಾರ್ಡ್ ರದ್ದಾಗುವುದಿಲ್ಲ, ಗಾಬರಿಯಾಗಿ ಗಂಟುಮೂಟೆ ಕಟ್ಟಬೇಡಿ. ನಾಚಿಕೆಯಿಂದ ಮುಚ್ಚಿಡಲೂ ಬೇಡಿ, ಸಂಘದಲ್ಲಿ ಯಾರಿಗಾದರೂ ಹೇಳಿ.

ಇಲ್ಲಿಗೆ ಬಂದ ವಾರವೇ ಜರ್ಮನ್ ಕ್ಲಾಸಿಗೆ ಸೇರಿಕೊಳ್ಳಿ. ಬ್ಲೂ ಕಾರ್ಡಿನವರು ಪಿಂಚಣಿ ಕಂತು ಕಟ್ಟುತ್ತಾ ಬಂದಿದ್ದು, ಉಳಿದ ಷರತ್ತುಗಳೂ ಪೂರೈಸಿದ್ದರೆ ಎ1, ಅಂದರೆ ಆರಂಭದ ಮಟ್ಟದ ಜರ್ಮನ್ ಬಂದರೆ 27 ತಿಂಗಳಿಗೆ ಕಾಯಂ ಪರವಾನಗಿ ಸಿಗುತ್ತದೆ. ಬಿ1, ಅಂದರೆ ಮಧ್ಯಮ ಮಟ್ಟ ಪಾಸಾಗಿದ್ದರೆ 21 ತಿಂಗಳಿಗೇ. ಅಷ್ಟರವರೆಗೆ ಕಚೇರಿಗೆ ಒಬ್ಬರೇ ಹೋಗಲು ಅಳುಕಿದ್ದರೆ ಅಪಾಯಿಂಟ್‌ಮೆಂಟ್ ಸಿಕ್ಕ ಕೂಡಲೇ ನಮಗೆ ತಿಳಿಸಿ. ಜರ್ಮನ್ ಬರುವ ಸದಸ್ಯರೊಬ್ಬರನ್ನು ಜೊತೆಗೆ ಕಳಿಸುತ್ತೇವೆ.