ಒಂದು ‘ರೈಸ್‌’ಗೆ (rise) ಎಷ್ಟು ಕನ್ನಡ? ಅನುವಾದದ ಮೇಜಿನಿಂದ ನನ್ನ ಅನುಭವ

ಪತ್ರಿಕೆಯೊಂದರ ಸುದ್ದಿಮನೆ ಸೇರಿ ಆಗಷ್ಟೇ ಎರಡು ತಿಂಗಳಾಗಿತ್ತು. ಸಂಜೆಯ ಪಾಳಿ. ದೆಹಲಿಯಿಂದ ಏಜೆನ್ಸಿಯ ಇಂಗ್ಲಿಷ್ ಸುದ್ದಿ ಬಂತು. ಸಂಸತ್ತಿನ ಹಿರಿಯರೊಬ್ಬರು ತೀರಿಕೊಂಡಿದ್ದರು. ಅವರಿಗೆ ಗೌರವ ಸಲ್ಲಿಸಿ ‘ದಿ ಹೌಸ್ ರೋಸ್ ಫಾರ್ ದಿ ಡೇ’ ಎಂದು ಕೊನೆಯ ಸಾಲು. ‘ರೋಸ್’ ಅಂದರೆ ‘ರೈಸ್‌’ನ ಭೂತಕಾಲ. ನಾನು ‘ಇಡೀ ಸದನ ಎದ್ದು ನಿಂತು ಗೌರವ ಸಲ್ಲಿಸಿತು’ ಎಂದು ಬರೆದು ಪುಟಕ್ಕೆ ಕಳಿಸಿದೆ. ಸಂತಾಪ ಸೂಚಿಸುವಾಗ ಸದಸ್ಯರು ಎದ್ದು ನಿಂತು ಮೌನ ಆಚರಿಸುವುದು ನಿಜವೇ. ಹಾಗಾಗಿ ಪುಟ ನೋಡಿದ ಯಾರಿಗೂ ಅನುಮಾನ ಬರಲಿಲ್ಲ.

ಮರುದಿನ ಮುಖ್ಯ ಉಪಸಂಪಾದಕರು ಕರೆದರು.

‘ನಿನ್ನೆ ಸಂತಾಪ ಆದ ಮೇಲೆ ಸದನ ನಡೀತಾ, ಇಲ್ವಾ?’

‘ಗೊತ್ತಿಲ್ಲ ಸರ್.’

‘ನಡೀಲಿಲ್ಲಪ್ಪಾ. ದಿನದ ಕಲಾಪವನ್ನೇ ಮುಂದೂಡಿದ್ರು. ಸುದ್ದಿ ಇದ್ದದ್ದೇ ಅದು. ರೈಸ್‌ಗೆ ವಿರುದ್ಧ ಪದ ಹೇಳು ನೋಡೋಣ.’

‘ಫಾಲ್, ಸರ್.’

‘ಸದನ ಬೀಳುತ್ತಾ?’

ನಾನು ಸುಮ್ಮನಾದೆ. ಅವರೇ ಹೇಳಿದರು: ‘ಇಂಗ್ಲಿಷಿನಲ್ಲಿ ಸದನ ಕೂರುತ್ತೆ. ಹೌಸ್ ಸಿಟ್ಸ್. ಕೂತಿದ್ದು ಎದ್ದರೆ ಅವತ್ತಿನ ಕೆಲಸ ಮುಗೀತು ಅಂತ.’

ಆ ಮಾತು ಇಷ್ಟು ವರ್ಷ ನನ್ನ ಜೊತೆ ಇದೆ. ಆಮೇಲೆ ಸುದ್ದಿಯಿಂದ ಪುಸ್ತಕಗಳ ಅನುವಾದಕ್ಕೆ ಬಂದೆ, ಸಾಕ್ಷ್ಯಚಿತ್ರಗಳಿಗೆ ಕನ್ನಡ ಮಾತು ಬರೆದೆ, ಅಡುಗೆಯ ಬರಹಗಳನ್ನೂ ಮಾಡಿದೆ. ‘ರೈಸ್’ ಎಲ್ಲ ಕಡೆ ಎದುರಾಯಿತು. ಪ್ರತಿ ಸಲ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಈ ಸಾಲಿನಲ್ಲಿ ಇದಕ್ಕೆ ವಿರುದ್ಧ ಯಾವುದು? ವಿರುದ್ಧ ಪದ ಸಿಕ್ಕರೆ ಕನ್ನಡದ ಕ್ರಿಯಾಪದ ತಾನಾಗಿ ಬರುತ್ತದೆ. ನಿಘಂಟಿನಲ್ಲಿ ಅರ್ಥಗಳ ಉದ್ದ ಪಟ್ಟಿ ಇರುತ್ತದೆ, ನಿಜ. ಆದರೆ ಯಾವ ಅರ್ಥ ಎಲ್ಲಿಗೆ ಎಂದು ಆರಿಸುವ ದಾರಿ ಅಲ್ಲಿ ಇರುವುದಿಲ್ಲ.

ಕನ್ನಡದಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದದ್ದು ಏಳು ಮತ್ತು ಏರು. ಎರಡೂ ಮೇಲಕ್ಕೆ ಹೋಗುವ ಮಾತೇ. ಆದರೆ ಏಳುವುದರ ಜೋಡಿ ಬೀಳುವುದು, ಏರುವುದರ ಜೋಡಿ ಇಳಿಯುವುದು. ಬದುಕಿನಲ್ಲಿ ಏಳುಬೀಳು, ಮಾರುಕಟ್ಟೆಯಲ್ಲಿ ಏರಿಳಿತ. ಮಲಗಿದ್ದದ್ದು, ಕೂತಿದ್ದದ್ದು, ಅಡಗಿದ್ದದ್ದು ಇದ್ದ ಜಾಗ ಬಿಟ್ಟರೆ ಅದು ಏಳುವುದು. ಧೂಳು ಏಳುತ್ತದೆ, ಹೊಗೆ ಏಳುತ್ತದೆ, ಬಿರುಗಾಳಿ ಏಳುತ್ತದೆ, ಸುಟ್ಟ ಜಾಗದಲ್ಲಿ ಬೊಬ್ಬೆ ಏಳುತ್ತದೆ, ಮೈ ನವಿರೇಳುತ್ತದೆ. ನವಿರು ಅಂದರೆ ಕೂದಲು. ಮೈಮೇಲೆ ಮಲಗಿದ್ದ ಕೂದಲು ಎದ್ದು ನಿಂತಿತು ಎಂಬ ಚಿತ್ರ ಆ ಮಾತಿನೊಳಗೇ ಇದೆ. ‘ಎಷ್ಟು’ ಎಂದು ಕೇಳಬಹುದಾದದ್ದು ಮಾತ್ರ ಏರುತ್ತದೆ. ಜ್ವರ, ಬೆಲೆ, ಬಿಸಿಲು, ದನಿ, ಅಣೆಕಟ್ಟೆಯ ನೀರು. ಇವೆಲ್ಲ ಮೆಟ್ಟಿಲು ಹತ್ತಿದ ಹಾಗೆ ಮೇಲೆ ಹೋಗಿ ಮತ್ತೆ ಇಳಿಯುತ್ತವೆ.

ಸಂಬಳದ ಮಾತು ಸ್ವಲ್ಪ ಬೇರೆ. ಬ್ರಿಟಿಷರ ಇಂಗ್ಲಿಷಿನಲ್ಲಿ ಸಂಬಳ ಹೆಚ್ಚಳಕ್ಕೆ ‘ರೈಸ್’ ಎನ್ನುತ್ತಾರೆ, ಅಮೆರಿಕದಲ್ಲಿ ‘ರೇಸ್’ (raise). ಪತ್ರಿಕೆಯ ಶೀರ್ಷಿಕೆಗೆ ‘ಏರಿಕೆ’ ಸರಿ. ಆದರೆ ಕತೆಯ ಪಾತ್ರವೊಂದು ಮನೆಗೆ ಬಂದು ಹೆಂಡತಿಯ ಹತ್ತಿರ ‘ಸಂಬಳ ಏರಿಕೆಯಾಯಿತು’ ಅಂದರೆ ಕಿವಿಗೆ ಒಗ್ಗುವುದಿಲ್ಲ ಅಲ್ವಾ? ಅಲ್ಲಿ ‘ಸಂಬಳ ಜಾಸ್ತಿ ಆಯ್ತು’ ಎಂಬುದೇ ಕನ್ನಡ.

ಇನ್ನು ಸೂರ್ಯ. ನನಗೆ ತುಂಬಾ ಇಷ್ಟವಾದ ಜಾಗ ಇದು. ‘ದಿ ಸನ್ ರೈಸಸ್’ ಎನ್ನುವಾಗ ವಿರುದ್ಧ ಪದ ‘ಸೆಟ್’. ಕನ್ನಡದಲ್ಲಿ ಹೊತ್ತು ಮೂಡುತ್ತದೆ, ಮುಳುಗುತ್ತದೆ. ಮೂಡುವುದು ಅಂದರೆ ಕಾಣದ್ದು ಕಾಣಿಸಿಕೊಳ್ಳುವುದು. ಮುಖದಲ್ಲಿ ನಗು ಮೂಡುತ್ತದೆ, ಮನಸ್ಸಿನಲ್ಲಿ ಅನುಮಾನ ಮೂಡುತ್ತದೆ. ಮೂಡಿದ ಮೇಲೆಯೇ ಹೊತ್ತು ಏರುವುದು. ಸಾಕ್ಷ್ಯಚಿತ್ರವೊಂದರಲ್ಲಿ ‘ರೈಸಿಂಗ್ ಸನ್’ ಎಂದಿತ್ತು. ಮೊದಲ ಕರಡಿನಲ್ಲಿ ‘ಏರುತ್ತಿರುವ ಸೂರ್ಯ’ ಎಂದು ಬರೆದಿದ್ದೆ. ತೆರೆಯ ಮೇಲೆ ಇನ್ನೂ ಅರ್ಧ ಸೂರ್ಯ ಬೆಟ್ಟದ ಹಿಂದೆ ಇದ್ದ. ನನ್ನ ಮಾತು ಕೇಳಿದರೆ ಹತ್ತು ಗಂಟೆಯ ಬಿಸಿಲು ಕಣ್ಣ ಮುಂದೆ ಬರುತ್ತಿತ್ತು. ‘ಮೂಡುತ್ತಿರುವ’ ಎಂದು ತಿದ್ದಿದೆ.

ಹೊತ್ತು ಮೂಡುವ ಕಡೆ ಮೂಡಣ. ಹೊತ್ತು ಪಡುವ, ಅಂದರೆ ಮುಳುಗುವ ಕಡೆ ಪಡುವಣ. ಕರಾವಳಿಯ ಮೂಡುಬಿದಿರೆ, ಪಡುಬಿದ್ರಿ ಎಂಬ ಹೆಸರುಗಳಲ್ಲಿ ಈ ಎರಡು ಕ್ರಿಯಾಪದಗಳು ಇಂದಿಗೂ ಬಸ್ಸಿನ ಬೋರ್ಡಿನ ಮೇಲೆ ಓಡಾಡುತ್ತಿವೆ. ಯುರೋಪಿನಲ್ಲೂ ಹೀಗೇ ಆಗಿದೆ. ಮೂಡಣ ದೇಶಗಳಿಗೆ ಅವರು ಇಟ್ಟ ‘ಓರಿಯಂಟ್’ ಎಂಬ ಹೆಸರು ಲ್ಯಾಟಿನ್ನಿನ ‘ಓರಿಯೆನ್ಸ್’ನಿಂದ ಬಂದದ್ದು. ಹಾಗಂದರೆ ಮೂಡುವುದು. ಮೆಡಿಟರೇನಿಯನ್ನಿನ ಪೂರ್ವ ತೀರಕ್ಕೆ ಇರುವ ‘ಲೆವಾಂಟ್’ ಎಂಬ ಹೆಸರು ಫ್ರೆಂಚಿನದು, ಅದರ ಅರ್ಥವೂ ಏಳುವುದೇ.

ಆ ಲ್ಯಾಟಿನ್ ಬೇರಿನಿಂದಲೇ ‘ಒರಿಜಿನ್’ ಕೂಡ ಹುಟ್ಟಿತು. ಇದು ಗೊತ್ತಾದ ದಿನ ನದಿಯ ಗಂಟು ಬಿಚ್ಚಿತು. ಇಂಗ್ಲಿಷಿನ ಭೂಗೋಳದ ಪಾಠಗಳಲ್ಲಿ ನದಿಯೂ ‘ರೈಸ್’ ಆಗುತ್ತದೆ. ‘ಕಾವೇರಿ ರೈಸಸ್ ಇನ್ ಕೊಡಗು.’ ಇದರರ್ಥ ಕೊಡಗಿನಲ್ಲಿ ನೀರು ಏರಿತು ಅಂತಲ್ಲ. ಕಾವೇರಿ ಬ್ರಹ್ಮಗಿರಿಯ ತಲಕಾವೇರಿಯಲ್ಲಿ ಹುಟ್ಟುತ್ತಾಳೆ ಅಂತ. ಇಲ್ಲಿ ವಿರುದ್ಧ ಪದ ಇಳಿಯುವುದಲ್ಲ, ಕಡಲು ಸೇರುವುದು. ಕಾವೇರಿ ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಅದೇ ಜುಲೈ ತಿಂಗಳ ಮಳೆಯ ಸುದ್ದಿಯಲ್ಲಿ ‘ಕಾವೇರಿ ರೋಸ್’ ಎಂದಿದ್ದರೆ ವಿರುದ್ಧ ಪದ ಇಳಿಯುವುದೇ. ಕೆಆರ್‌ಎಸ್‌ನಲ್ಲಿ ನೀರು 124.80 ಅಡಿಯ ಗರಿಷ್ಠ ಮಟ್ಟದ ಕಡೆಗೆ ಏರುತ್ತಿದೆ ಎಂದು ಬರೆಯಬಹುದು, ಕೆಳಗೆ ಹೊಳೆ ಉಕ್ಕಿ ಹರಿಯುತ್ತಿದೆ ಎಂದೂ ಬರೆಯಬಹುದು. ಕಿರಿಯ ಅನುವಾದಕರಿಗೆ ಅಭ್ಯಾಸಕ್ಕೆ ನಾನು ಈ ಎರಡೂ ಅರ್ಥ ಇರುವ ಒಂದೇ ಸಾಲು ಕೊಡುತ್ತೇನೆ. ಎರಡು ಬೇರೆ ಕ್ರಿಯಾಪದ ಬಂದರೆ ಅವರಿಗೆ ಹಾದಿ ಸಿಕ್ಕಿತು ಎಂದೇ ಲೆಕ್ಕ.

ಅಡುಗೆಯ ವಿಷಯದಲ್ಲಿ ನನ್ನ ನಿಘಂಟು ನಮ್ಮಮ್ಮ. ಬ್ರೆಡ್ ಮಾಡುವ ಬರಹವೊಂದರಲ್ಲಿ ಹಿಟ್ಟು ‘ರೈಸ್’ ಆಗಲು ಒಂದು ಗಂಟೆ ಬಿಡಿ ಎಂದಿತ್ತು. ‘ಹಿಟ್ಟು ಮೇಲೇರಲು ಬಿಡಿ’ ಎಂದು ಬರೆದು ಅಮ್ಮನಿಗೆ ಓದಿ ಹೇಳಿದೆ.

‘ಹಿಟ್ಟು ಎಲ್ಲಿಗೆ ಏರುತ್ತೋ? ಉಬ್ಬುತ್ತೆ ಅನ್ನು,’ ಅಂದರು.

‘ಇಡ್ಲಿ ಹಿಟ್ಟಿಗೂ ಹಾಗೇ ಅಂತೀಯಾ?’

‘ಇಡ್ಲಿ ಹಿಟ್ಟು ಹುದುಗು ಬಂದು ಉಬ್ಬುತ್ತೆ. ಬೇಸಿಗೇಲಿ ಚಿಕ್ಕ ಪಾತ್ರೇಲಿ ಇಟ್ಟರೆ ಉಕ್ಕಿ ಕಟ್ಟೆ ಮೇಲೆಲ್ಲಾ ಚೆಲ್ಲುತ್ತೆ.’

ಅಮ್ಮ ಒಂದು ಮಾತಿನಲ್ಲಿ ಮೂರು ಹಂತ ಬಿಡಿಸಿಟ್ಟರು. ಒಳಗೆ ಆಗುವ ಬದಲಾವಣೆ ಹುದುಗು. ಆಗ ಹುಟ್ಟುವ ಗಾಳಿಯಿಂದ ಹಿಟ್ಟು ಹಿಗ್ಗುವುದು ಉಬ್ಬು. ಅಂಚು ಮೀರಿ ಹೊರಗೆ ಬರುವುದು ಉಕ್ಕು. ಉಬ್ಬಿದ ಪೂರಿ ಮತ್ತೆ ಚಪ್ಪಟೆಯಾಗುತ್ತದೆ, ಉಕ್ಕಿದ ಹಾಲು ಮತ್ತೆ ತಗ್ಗುತ್ತದೆ. ಕಡಲಿನ ಉಬ್ಬರವೂ ಇದೇ ಉಬ್ಬಿನ ಮನೆಯದು. ಬರಹದಲ್ಲಿ ‘ಹಿಟ್ಟು ಎರಡರಷ್ಟು ಉಬ್ಬುವವರೆಗೆ ಬಿಡಿ’ ಎಂದು ಬರೆದೆ. ಮೇಲೆ ಹೋಗುವ ಮಾತೇ ಬೇಕಾಗಲಿಲ್ಲ.

ಇಂಗ್ಲಿಷ್ ಏಳುವ ಕಡೆ ಕನ್ನಡ ಬೀಳುವ ಜಾಗಗಳೂ ಇವೆ. ಇವನ್ನು ಹುಡುಕಿಕೊಳ್ಳಲು ನನಗೆ ಜಾಸ್ತಿ ಸಮಯ ಹಿಡಿಯಿತು. ಇಂಗ್ಲೆಂಡಿನ ಗಾಳ ಹಾಕುವವನೊಬ್ಬನ ಕತೆ ಮಾಡುತ್ತಿದ್ದೆ. ಹ್ಯಾಂಪ್‌ಶೈರಿನ ಟೆಸ್ಟ್ ನದಿಯಂಥ ತಿಳಿನೀರಿನ ಹೊಳೆ. ‘ಎ ಟ್ರೌಟ್ ರೋಸ್’ ಎಂಬ ಸಾಲು. ‘ಟ್ರೌಟ್ ಮೀನು ನೀರಿನಿಂದ ಮೇಲಕ್ಕೆ ಹಾರಿತು’ ಎಂದು ಬರೆದೆ. ಮುಂದಿನ ಸಾಲಿನಲ್ಲಿ ನೀರಿನ ಮೇಲೆ ಒಂದು ಸಣ್ಣ ಉಂಗುರ ಹರಡಿತು ಎಂದಿತ್ತು. ಹಾರಿದ ಮೀನು ಬಿದ್ದರೆ ನೀರು ಚಿಮ್ಮಬೇಕು. ಉಂಗುರ ಹೇಗೆ? ಆಮೇಲೆ ಓದಿ ತಿಳಿದುಕೊಂಡೆ. ಕೆಳಗಿದ್ದ ಮೀನು ಮೇಲೆ ತೇಲುವ ಹುಳವನ್ನು ತಿನ್ನಲು ಬಂದು, ತುಟಿಯಷ್ಟೇ ತೋರಿಸಿ, ಮತ್ತೆ ಇಳಿಯುವುದಕ್ಕೆ ಅಲ್ಲಿನವರು ‘ರೈಸ್’ ಎನ್ನುತ್ತಾರೆ. ಗಾಳದವನು ಕಾಯುವುದು ಆ ಉಂಗುರಕ್ಕೇ. ‘ಟ್ರೌಟ್ ಮೇಲೆ ಬಂದು ಹುಳಕ್ಕೆ ಬಾಯಿ ಹಾಕಿತು’ ಎಂದು ತಿದ್ದಿದೆ. ಇದೇ ಮೀನಿನಿಂದ ಬಂದ ನುಡಿಗಟ್ಟು ‘ರೈಸ್ ಟು ದಿ ಬೇಟ್’. ಕನ್ನಡದಲ್ಲಿ ಏನು ಹೇಳುತ್ತೇವೆ? ಗಾಳಕ್ಕೆ ಬಿದ್ದ. ಅವರು ನೀರೊಳಗಿನ ಮೀನನ್ನು ನೋಡುತ್ತಾರೆ, ನಾವು ದಡದ ಮೇಲೆ ಸಿಕ್ಕಿಬಿದ್ದ ಮೀನನ್ನು ನೋಡುತ್ತೇವೆ.

ದೊರೆತನದ ವಿರುದ್ಧ ‘ರೈಸ್’ ಆಗುವುದಕ್ಕೂ ಕನ್ನಡದಲ್ಲಿ ‘ತಿರುಗಿಬೀಳು’ ಇದೆ. ಜೊತೆಗೆ ‘ದಂಗೆ ಏಳು’, ‘ಬಂಡೇಳು’ ಕೂಡ ಇವೆ. ಐರ್ಲೆಂಡಿನ ಇತಿಹಾಸದ ‘ಈಸ್ಟರ್ ರೈಸಿಂಗ್’ ಬಂದಾಗ ಇದು ನನ್ನನ್ನು ಬಹಳ ಕಾಡಿತು. 1916ರ ಏಪ್ರಿಲ್ 24, ಈಸ್ಟರ್ ಮರುದಿನದ ಸೋಮವಾರ. ಬ್ರಿಟಿಷರ ಆಳ್ವಿಕೆಯ ವಿರುದ್ಧ ಎದ್ದವರು ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯನ್ನು ಹಿಡಿದುಕೊಂಡರು. ಅದರ ಮುಂದೆ ಅವರ ಮುಂದಾಳು ಪ್ಯಾಟ್ರಿಕ್ ಪಿಯರ್ಸ್ ಸ್ವತಂತ್ರ ಐರ್ಲೆಂಡಿನ ಘೋಷಣೆ ಓದಿದರು. ಏಪ್ರಿಲ್ 29ಕ್ಕೆ ಶರಣಾಗಬೇಕಾಯಿತು. ಈಸ್ಟರ್ ಎಂದರೆ ಯೇಸು ಸಾವಿನಿಂದ ಎದ್ದು ಬಂದ ಹಬ್ಬ. ಒಂದೇ ಹೆಸರಿನಲ್ಲಿ ಆ ಏಳುವಿಕೆ ಮತ್ತು ಜನ ಎದ್ದದ್ದು ಎರಡೂ ಕೇಳಿಸುತ್ತವೆ. ‘ದಂಗೆ’ ಎಂದರೆ ಆಳುವವರ ಬಾಯಿಯ ಮಾತಿನಂತೆ ನನಗೆ ಅನ್ನಿಸಿತು. 1858ರ ನರಗುಂದದ್ದನ್ನು ನಾವು ಬಂಡಾಯ ಎಂದೇ ಕರೆಯುತ್ತೇವೆ. ಹಾಗಾಗಿ ‘ಈಸ್ಟರ್ ಬಂಡಾಯ’ ಎಂದು ಇಟ್ಟೆ. ಎದ್ದು ಬರುವ ಹಬ್ಬದ ಅರ್ಥ ಹೆಸರಿನಲ್ಲಿ ಉಳಿಯಲಿಲ್ಲ. ಅದನ್ನು ಪಕ್ಕದ ವಾಕ್ಯದಲ್ಲಿ, ಜನ ‘ಬಂಡೆದ್ದರು’ ಎನ್ನುವಲ್ಲಿ, ಆದಷ್ಟು ಹಿಡಿದುಕೊಂಡೆ.

ಸದನದ ತಪ್ಪಿಗೆ ಅಣ್ಣನಂಥ ಇನ್ನೊಂದು ನ್ಯಾಯಾಲಯದಲ್ಲಿದೆ. ನಮ್ಮ ಕೋರ್ಟುಗಳಲ್ಲಿ ‘ಟಿಲ್ ದಿ ರೈಸಿಂಗ್ ಆಫ್ ದಿ ಕೋರ್ಟ್’ ಎಂಬ ಶಿಕ್ಷೆ ಇದೆ. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಂಗ ನಿಂದನೆಗಾಗಿ ಸಿಬಿಐನ ಹಿಂದಿನ ಹಂಗಾಮಿ ನಿರ್ದೇಶಕರಿಗೆ ಇದೇ ಶಿಕ್ಷೆ ಕೊಟ್ಟು 1 ಲಕ್ಷ ರೂಪಾಯಿ ದಂಡ ಹಾಕಿತು. ‘ಕೋರ್ಟ್ ಏಳುವವರೆಗೆ’ ಎಂದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಅಂದಿನ ಕಲಾಪ ಮುಗಿಯುವವರೆಗೆ ಕೋರ್ಟಿನಲ್ಲೇ ಕೂತಿರಬೇಕು ಎಂಬುದು ಶಿಕ್ಷೆ. ಹಾಗೆಯೇ ಬರೆಯಬೇಕು. ಆದರೆ ನ್ಯಾಯಾಧೀಶರು ಒಳಗೆ ಬರುವಾಗ ಕೂಗುವ ‘ಆಲ್ ರೈಸ್’ ಮಾತ್ರ ನಿಜಕ್ಕೂ ಎದ್ದು ನಿಲ್ಲುವುದೇ.

ತುಂಬಾ ದಿನ ಬಗೆಹರಿಯದೆ ಉಳಿದದ್ದು ‘ರೈಸ್ ಟು ದಿ ಅಕೇಶನ್’, ಅಂದರೆ ಬೇಕಾದ ಹೊತ್ತಿನಲ್ಲಿ ಬೇಕಾದ ಕೆಲಸ ಮಾಡಿ ತೋರಿಸುವುದು. ‘ಸಂದರ್ಭಕ್ಕೆ ತಕ್ಕಂತೆ ಮೇಲೇರು’ ಎಂದು ಎಷ್ಟೋ ಕಡೆ ಓದಿದ್ದೇನೆ. ಆ ಮಾತು ಯಾರ ಬಾಯಲ್ಲೂ ಕೇಳಿಲ್ಲ. ಹಳೆಯ ಅಭ್ಯಾಸದಂತೆ ವಿರುದ್ಧ ಪದ ಹುಡುಕಿದೆ. ಬೇಕಾದ ಹೊತ್ತಿನಲ್ಲಿ ಸಿಗದವನಿಗೆ ನಾವು ‘ಕೈಕೊಟ್ಟ’ ಎನ್ನುತ್ತೇವೆ. ಸಿಕ್ಕವನಿಗೆ? ಬಾಣಂತಿ ಮನೆಗೆ ರಾತ್ರೋರಾತ್ರಿ ಓಡಿ ಬಂದ ಪಕ್ಕದ ಮನೆಯವರ ಬಗ್ಗೆ ನಮ್ಮ ಅಜ್ಜಿ ಹೇಳುತ್ತಿದ್ದ ಮಾತು ಆಗ ನೆನಪಾಯಿತು. ‘ಹೊತ್ತಿಗೆ ಒದಗಿದಳು ನೋಡು.’ ಕತೆಯಲ್ಲಿ ಅದನ್ನೇ ಬರೆದೆ.