ಬೇಡವಾದ ಆಮೆ ನಿಮ್ಮ ಮನೆಗೆ ಬಂದರೆ: ಹೀಟರ್ ಬಿಡಿ, ನೆರಳು ಹುಡುಕಿ

ವಾಸ್ತುವಿಗೆ ಒಳ್ಳೆಯದೆಂದು ಗಾಜಿನ ಬಟ್ಟಲಲ್ಲಿ ಇಟ್ಟ ಒಂದೂವರೆ ಇಂಚಿನ ಹಸಿರು ಆಮೆ ಮೂರ್ನಾಲ್ಕು ವರ್ಷಕ್ಕೆ ಆರೇಳು ಇಂಚಾಗುತ್ತದೆ. ನೀರು ನಾರತೊಡಗುತ್ತದೆ, ಮನೆಯವರಿಗೆ ಬೇಸರ ಬರುತ್ತದೆ. ಕೆಲವರು ಕಾಲುವೆಗೆ ಬಿಟ್ಟು ಬರುತ್ತಾರೆ, ಕೆಲವರು ಯಾರಾದರೂ ಸಾಕಿಕೊಳ್ಳಲಿ ಎಂದು ಕೊಡುತ್ತಾರೆ. ಹಾಗೆ ಪಡೆದವರು ಮೊಬೈಲಿನಲ್ಲಿ ಹುಡುಕಿ ಮೊದಲು ತರಿಸುವುದು ನೀರು ಕಾಯಿಸುವ ಹೀಟರ್. ಬಳ್ಳಾರಿ, ರಾಯಚೂರು, ಕೊಪ್ಪಳದ ಮಟ್ಟಿಗೆ ಇದು ಉಲ್ಟಾ ಕೆಲಸ. ಮೊಬೈಲಿನಲ್ಲಿ ಸಿಗುವ ಸಲಹೆಯೆಲ್ಲ ಚಳಿ ದೇಶದವರು ಬರೆದದ್ದು. ಇಲ್ಲಿ ಆಮೆಗೆ ಕಂಟಕ ಏಪ್ರಿಲ್, ಮೇ ತಿಂಗಳು.

ಹಂತ 1: ಯಾವ ಆಮೆ, ನೋಡಿ

ಕಣ್ಣಿನ ಹಿಂದೆ ಎರಡೂ ಕಡೆ ಕೆಂಪು ಪಟ್ಟಿ ಇದ್ದರೆ ಅದು ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ ಮಿಸಿಸಿಪಿ ಕಣಿವೆಯದು. ಅಂಗಡಿಯಲ್ಲಿ ಮಾರುವುದು ಹೆಚ್ಚಾಗಿ ಇದನ್ನೇ. ಈ ಲೇಖನ ಅದರದ್ದು. ಚಿಪ್ಪು ಮೆತ್ತಗೆ, ಚಪ್ಪಟೆಯಾಗಿ ಇದ್ದು ಮೂತಿ ಚೂಪಾಗಿದ್ದರೆ ನಮ್ಮ ಕೆರೆ, ಹೊಳೆಯ ಆಮೆ. ಎತ್ತರದ ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದರೆ ನಕ್ಷತ್ರ ಆಮೆ. ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಬೇರೆಯವರು ಕೊಟ್ಟದ್ದಾದರೂ ಅಷ್ಟೇ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಇನ್ನೊಂದು ಮಾತು: ನಕ್ಷತ್ರ ಆಮೆ ನೆಲದ ಆಮೆ. ಪಾಪ ಎಂದು ಅದನ್ನು ತೊಟ್ಟಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ.

ಸ್ಲೈಡರನ್ನು ತುಂಗಭದ್ರಾ ಕಾಲುವೆಗೋ ಊರ ಕೆರೆಗೋ ಬಿಡುವುದು ಪುಣ್ಯದ ಕೆಲಸವಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಬಿಸಿಲು ಕಾಯಿಸುವ ಜಾಗ, ಆಹಾರ ಎರಡಕ್ಕೂ ನಮ್ಮ ಆಮೆಗಳ ಜೊತೆ ಪೈಪೋಟಿಗಿಳಿಯುತ್ತದೆ, ರೋಗವನ್ನೂ ಹರಡುತ್ತದೆ.

ಹಂತ 2: ತರುವ ಮುನ್ನ ತಪಾಸಣೆ

ಕಣ್ಣು ಪೂರ್ತಿ ತೆರೆದಿದೆಯೇ? ಮೂಗಿನಲ್ಲಿ ಗುಳ್ಳೆ ಬರುತ್ತಿದೆಯೇ? ತಲೆಯ ಪಕ್ಕ, ಕಿವಿಯ ಜಾಗದಲ್ಲಿ ಗಂಟು ಕಟ್ಟಿದೆಯೇ? ನೀರಿಗೆ ಬಿಟ್ಟಾಗ ಒಂದು ಕಡೆಗೆ ವಾಲಿ ತೇಲಿದರೆ ನ್ಯುಮೋನಿಯಾ ಇರಬಹುದು. ಹೆಬ್ಬೆರಳಿನಿಂದ ಚಿಪ್ಪನ್ನು ಮೆಲ್ಲಗೆ ಒತ್ತಿ ನೋಡಿ; ನಾಲ್ಕು ಇಂಚು ದಾಟಿದ ಆಮೆಯ ಚಿಪ್ಪು ಬಗ್ಗಿದರೆ ಸುಣ್ಣದ ಅಂಶ ಇಲ್ಲವೆಂದೇ ಅರ್ಥ. ಚಿಪ್ಪಿನಿಂದ ಕೊಳೆತ ವಾಸನೆ ಬಂದರೆ ಒಳಗೆ ಹುಣ್ಣಿದೆ. ಇಷ್ಟೆಲ್ಲ ಇದ್ದರೂ ತರಬಹುದು, ಆದರೆ ಮನೆಗಿಂತ ಮೊದಲು ವೈದ್ಯರ ಬಳಿಗೆ.

ಕೊಡುವವರನ್ನು ಕೇಳಬೇಕಾದದ್ದು ಮೂರೇ: ಎಷ್ಟು ವರ್ಷದ್ದು, ಏನು ತಿನ್ನುತ್ತಿತ್ತು, ಕೊನೆಗೆ ತಿಂದದ್ದು ಯಾವಾಗ. ಮುಂಗಾಲಿನ ಉಗುರು ಉದ್ದ, ಬಾಲ ದಪ್ಪ ಇದ್ದರೆ ಗಂಡು. ಏಳೆಂಟು ಇಂಚಿಗೆ ನಿಲ್ಲುತ್ತದೆ. ಹೆಣ್ಣು ಹತ್ತರಿಂದ ಹನ್ನೆರಡು ಇಂಚು ಬೆಳೆಯುತ್ತದೆ. ಚೆನ್ನಾಗಿ ಸಾಕಿದರೆ 20–30 ವರ್ಷ ಬದುಕುತ್ತದೆ. ಈ ಲೆಕ್ಕ ಮನೆಮಂದಿಗೆಲ್ಲ ಮೊದಲೇ ಗೊತ್ತಿರಲಿ. ಜೊತೆಗಿರಲಿ ಎಂದು ಇನ್ನೊಂದನ್ನು ತರಬೇಡಿ. ಆಮೆಗೆ ಒಂಟಿತನ ಕಾಡುವುದಿಲ್ಲ, ಇಕ್ಕಟ್ಟಿನಲ್ಲಿ ಎರಡಿದ್ದರೆ ಕಚ್ಚಾಡುತ್ತವೆ.

ಬಕೆಟ್ ನೀರಿನಲ್ಲಿ ಹಾಕಿಕೊಂಡು ಬಸ್ಸು ಹತ್ತುವುದು ಬೇಡ. ಕುಲುಕಾಟದಲ್ಲಿ ಆಮೆ ಸುಸ್ತಾಗುತ್ತದೆ. ಗಾಳಿ ಆಡುವ ಡಬ್ಬಿಯಲ್ಲಿ ಒದ್ದೆ ಟವೆಲ್ ಹಾಸಿ, ಅದರ ಮೇಲೆ ಆಮೆ ಇಟ್ಟು, ಬೇಸಿಗೆಯಾದರೆ ಬೆಳಿಗ್ಗೆ ಒಂಬತ್ತರೊಳಗೆ ಮನೆ ಸೇರಿ.

ಹಂತ 3: ತೊಟ್ಟಿ ಮತ್ತು ನೀರು

ಎಲ್ಲರೂ ಎಡವುವುದು ಇಲ್ಲಿ.

ಮೊದಲು ಅಳತೆ. ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು. ಐದು ಇಂಚಿನ ಆಮೆಗೆ 200 ಲೀಟರ್, ಬೆಳೆದ ಹೆಣ್ಣಿಗೆ 400. ಗಾಜಿನ ಅಕ್ವೇರಿಯಂಗೆ ದುಡ್ಡು ಸುರಿಯಬೇಡಿ. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲದ ಟಬ್ಬೋ, ದನಕ್ಕೆ ನೀರು ಹಾಕುವಂಥ ಸಿಮೆಂಟಿನ ಬಾನಿಯೋ ಸಾಕು. ಒಂದೂವರೆ ಅಡಿ ನೀರು ತುಂಬಿದರೆ 400 ಲೀಟರ್ ಆಗುತ್ತದೆ. ಹೊಸ ಸಿಮೆಂಟ್ ಬಾನಿಯಾದರೆ ಮೂರು ವಾರ ನೀರು ತುಂಬಿ, ಆಗಾಗ ಚೆಲ್ಲಿ, ಸುಣ್ಣದ ಖಾರ ಹೋದ ಮೇಲೆ ಬಳಸಿ. ತುಂಬಿದ ತೊಟ್ಟಿ 400 ಕಿಲೋ ತೂಗುತ್ತದೆ, ಬಾಲ್ಕನಿಯಲ್ಲಿ ಇಡುವ ಯೋಚನೆ ಬೇಡ. ನಡುವೆ ಪ್ಲಾಸ್ಟಿಕ್ ತೆಂಗಿನ ಮರ ನೆಟ್ಟ ಪುಟ್ಟ ತಟ್ಟೆಯೊಂದನ್ನು ಆಮೆಯ ಮನೆ ಎಂದು ಮಾರುತ್ತಾರಲ್ಲ, ಅದು ಸೋಪು ಇಡಲಿಕ್ಕೆ ಆದೀತು.

ತಳದಲ್ಲಿ ಸಣ್ಣ ಜಲ್ಲಿ, ಬಣ್ಣದ ಕಲ್ಲು ಬೇಡ. ಆಮೆ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ಬರಿಯ ತಳವೇ ಲೇಸು, ತೊಳೆಯಲಿಕ್ಕೂ ಸುಲಭ. ನೀರಿನ ಮಟ್ಟದಿಂದ ಅಂಚು ಒಂಬತ್ತು ಹತ್ತು ಇಂಚು ಮೇಲಿರಲಿ. ಇಲ್ಲವಾದರೆ ಹತ್ತಿ ಹೊರಗೆ ಬೀಳುತ್ತದೆ. ಮೇಲೆ ವೆಲ್ಡ್ ಮೆಷ್ ಮುಚ್ಚಳ ಬೇಕೇ ಬೇಕು. ಬೆಕ್ಕು, ಕಾಗೆ ಎಲ್ಲ ಕಡೆಯೂ ಇವೆ. ಗಂಗಾವತಿ, ಆನೆಗೊಂದಿ ಕಡೆಯವರಿಗೆ ಮಂಗಗಳ ಕಾಟ ಬೇರೆ.

ಇನ್ನು ಜಾಗ. ಬಿಸಿಲಿಗೆ ಕಾಯುವ ತಾರಸಿಯ ಮೇಲೆ ಅಲ್ಲ, ತಗಡಿನ ಕೆಳಗೂ ಅಲ್ಲ. ಪೂರ್ವಕ್ಕೆ ತೆರೆದ ಪಡಸಾಲೆ ಅಥವಾ ಬೇವಿನ ಮರದ ಬುಡ ಸರಿ. ಹಿತ್ತಲಿದ್ದರೆ ಬಾನಿಯನ್ನು ಅರ್ಧ ನೆಲದಲ್ಲಿ ಹುಗಿಯಿರಿ, ಮಣ್ಣು ನೀರನ್ನು ತಂಪಾಗಿಡುತ್ತದೆ.

ಈಗ ಉಷ್ಣಾಂಶ. ನೀರು 24ರಿಂದ 28 ಡಿಗ್ರಿ ಇದ್ದರೆ ಆಮೆ ಆರಾಮ. 30 ಮುಟ್ಟಿದರೆ ಕಣ್ಣಿಡಿ, 32 ದಾಟಿದರೆ ಕೈ ಹಾಕಿ. ತೇಲುವ ಥರ್ಮಾಮೀಟರ್ ಒಂದನ್ನು ಕೊಳ್ಳಿ, ಬೆಳಿಗ್ಗೆ ನೋಡಿ ಸಮಾಧಾನ ಪಡಬೇಡಿ. ಅಳೆಯಬೇಕಾದದ್ದು ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ. ಹೊರಗೆ 42 ಡಿಗ್ರಿ ಇರುವ ದಿನ ನೆರಳಿನ ಟಬ್ಬಿನಲ್ಲೂ ನೀರು 33, 34ಕ್ಕೆ ಏರುತ್ತದೆ. ಆಮೆ ಅದೇ ಕ್ಷಣ ಸಾಯುವುದಿಲ್ಲ, ಅದಕ್ಕೇ ಮನೆಯವರು ಮೋಸ ಹೋಗುತ್ತಾರೆ. ಮೊದಲು ತಿನ್ನುವುದು ಬಿಡುತ್ತದೆ. ಜೊತೆಗೆ ಅದರ ಹೇಸಿಗೆಯಿಂದ ಏಳುವ ಅಮೋನಿಯಾ ಇದೆ: ನೀರು ಬಿಸಿಯಾದಷ್ಟೂ, ಕ್ಷಾರ ಹೆಚ್ಚಿದಷ್ಟೂ ಅದರ ವಿಷ ಏರುತ್ತದೆ. ಗಡಸು ಬೋರ್ ನೀರಿನಲ್ಲಿ ಕ್ಷಾರ ಸಾಮಾನ್ಯ. ಸಣ್ಣ ತೊಟ್ಟಿ, ಬೋರ್ ನೀರು, ಮೇ ತಿಂಗಳು ಮೂರೂ ಸೇರಿದಾಗ ಕಣ್ಣು ಊದಿ, ಚರ್ಮ ಕೆಂಪಾಗುವುದು ಇದರಿಂದಲೇ. ಬಾಯಿ ತೆರೆದು ಗೋಡೆಗುಂಟ ಹುಚ್ಚಾಪಟ್ಟೆ ಈಜಾಡತೊಡಗಿದರೆ ಕೂಡಲೇ ಎತ್ತಿ, ನೆರಳಿನಲ್ಲಿ 27, 28 ಡಿಗ್ರಿಯ ನೀರಿಗೆ ಬಿಡಿ. ಐಸ್ ನೀರಿಗೆ ಹಾಕಿದರೆ ಆಘಾತವಾಗುತ್ತದೆ.

ತಂಪು ಮಾಡಲು ಅಗ್ಗದ, ನಂಬಬಹುದಾದ ಉಪಾಯ ಟೇಬಲ್ ಫ್ಯಾನ್. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಇಡಿ. ನಮ್ಮ ಬೇಸಿಗೆ ಒಣ ಬೇಸಿಗೆ, ನೀರು ಬೇಗ ಆವಿಯಾಗಿ ಮೂರು ಡಿಗ್ರಿಯಷ್ಟು ಇಳಿಯುತ್ತದೆ. ದಿನಾ ಎರಡು ಮೂರು ಬಕೆಟ್ ಕಡಿಮೆಯಾದರೆ ಗಾಬರಿ ಬೇಡ, ತುಂಬಿಸಿ. ತೊಟ್ಟಿಯ ಸುತ್ತ ಒದ್ದೆ ಗೋಣಿತಾಟು ಕಟ್ಟಿ. ಕರೆಂಟ್ ಹೋದ ಮಧ್ಯಾಹ್ನಕ್ಕೆಂದು ಫ್ರಿಜ್ಜಿನಲ್ಲಿ ಒಂದು ಲೀಟರಿನ ಎರಡು ಬಾಟಲಿ ಗಟ್ಟಿ ಮಾಡಿಟ್ಟಿರಿ. ಮುಚ್ಚಳ ಭದ್ರ ಮಾಡಿ ಒಂದೊಂದಾಗಿ ತೇಲಿಬಿಡಿ. ಗಂಟೆಗೆ ಎರಡು ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ.

ಇನ್ನೊಂದು ಮಾಮೂಲಿ ಎಡವಟ್ಟು ನೀರು ಬದಲಿಸುವಾಗ. ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮೇಲಿನ ಟ್ಯಾಂಕಿನಿಂದ ಸ್ನಾನಕ್ಕೆ ಕಾಯಿಸಿದಂಥ ನೀರು ಬರುತ್ತದೆ. ಅದನ್ನೇ ತೊಟ್ಟಿಗೆ ಬಿಟ್ಟವರಿದ್ದಾರೆ. ಹಿಂದಿನ ದಿನ ನಸುಕಿನಲ್ಲಿ ಹಿಡಿದು, ಬಾಯಗಲದ ಡ್ರಮ್ಮಿನಲ್ಲಿ ನೆರಳಿಗಿಟ್ಟ ನೀರನ್ನೇ ಬಳಸಿ. ನಗರಸಭೆಯ ನೀರಾದರೆ ಅಷ್ಟರಲ್ಲಿ ಕ್ಲೋರಿನ್ ಕೂಡ ಹಾರಿಹೋಗಿರುತ್ತದೆ.

ಫಿಲ್ಟರ್ ಕೊಳ್ಳುವಾಗ ಡಬ್ಬಿಯ ಮೇಲೆ ಬರೆದಿರುವುದು ಮೀನಿನ ಲೆಕ್ಕ. ಆಮೆಯ ಗಲೀಜು ಅದಕ್ಕಿಂತ ಬಹಳ ಹೆಚ್ಚು. 200 ಲೀಟರ್ ತೊಟ್ಟಿಗೆ 400ರಿಂದ 600 ಲೀಟರಿನದು ತನ್ನಿ. ಒಳಗಿನ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ಉಜ್ಜಬೇಡಿ, ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲಿ ಹಿಂಡಿ ಹಾಕಿ. ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ, ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಎರಡು ದಿನಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ, ಆಮೇಲೆ ವಾರಕ್ಕೊಮ್ಮೆ ಸಾಕು. ಕರೆಂಟ್ ಐದಾರು ಗಂಟೆ ಹೋಗಿದ್ದರೆ ಡಬ್ಬಿಯಂತೆ ಮುಚ್ಚಿದ ಫಿಲ್ಟರನ್ನು ಹಾಗೇ ಚಾಲೂ ಮಾಡಬೇಡಿ. ಒಳಗೆ ಕೊಳೆತ ನೀರು ಒಮ್ಮೆಗೇ ತೊಟ್ಟಿಗೆ ಬರುತ್ತದೆ, ಮೊದಲು ಅದನ್ನು ಚೆಲ್ಲಿ. ಪೈಪಿನಿಂದ ನೀರು ಎಳೆಯುವಾಗ ಬಾಯಿ ಹಚ್ಚಬೇಡಿ. ಪೈಪಿಗೆ ನೀರು ತುಂಬಿ, ಹೆಬ್ಬೆರಳು ಒತ್ತಿ ಹಿಡಿದು ಕೆಳಗಿಳಿಸಿದರೆ ತಾನೇ ಹರಿಯುತ್ತದೆ. ಆ ನೀರು ಹೂವಿನ ಗಿಡಕ್ಕೆ ಒಳ್ಳೆಯ ಗೊಬ್ಬರ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.

ಹೀಟರ್ ಬೇಕೇ ಬೇಕು ಎನ್ನುವ ದಿನ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಮಾತ್ರ, ಅದೂ ಮೂರು ಇಂಚಿಗಿಂತ ಚಿಕ್ಕ ಮರಿಗೆ ಅಥವಾ ಕಾಯಿಲೆಯ ಆಮೆಗೆ. ಆಗ ಪ್ಲಾಸ್ಟಿಕ್ ಜಾಳಿಗೆ ಇರುವ ಹೀಟರನ್ನೇ ತನ್ನಿ. ಬರಿ ಗಾಜಿನದಾದರೆ ಆಮೆ ಢಿಕ್ಕಿ ಹೊಡೆದು ಒಡೆಯುತ್ತದೆ, ನೀರಿಗೆ ಕರೆಂಟ್ ಬರುತ್ತದೆ.

ಹಂತ 4: ಬಿಸಿಲು ಕಾಯಿಸುವ ಕಟ್ಟೆ

ನೀರಿನಿಂದ ಪೂರ್ತಿ ಮೇಲೆ ಬಂದು ಮೈ ಒಣಗಿಸಿಕೊಳ್ಳಲು ಆಗದಿದ್ದರೆ ಚಿಪ್ಪಿಗೆ ಹುಣ್ಣು ಬೀಳುತ್ತದೆ. ಇಟ್ಟಿಗೆ ಪೇರಿಸಿ ಅದರ ಮೇಲೆ ಒರಟು ಹಲಗೆ ಇಡಿ, ನೀರಿನೊಳಗಿಂದ ಇಳಿಜಾರು ಕೊಡಿ. ಕಡಪ ಬಂಡೆ ಜಾರುತ್ತದೆ, ಬಿಸಿಲಿಗೆ ಕಾದು ಹೊಟ್ಟೆಯ ಚಿಪ್ಪು ಸುಡುತ್ತದೆ. ಇಟ್ಟಿಗೆಗೂ ಗೋಡೆಗೂ ನಡುವೆ ಆಮೆ ಸಿಕ್ಕಿಕೊಳ್ಳುವಷ್ಟು ಸಂದು ಉಳಿಯಬಾರದು. ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ.

ಕಿಟಕಿಯ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಮೂಳೆಗೆ ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಬೇಸಿಗೆಯಲ್ಲಿ ಎಂಟರಿಂದ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತರಿಂದ ಹನ್ನೆರಡು, ಅರ್ಧ ತೊಟ್ಟಿಗೆ ನೆರಳಿರುವಂತೆ ಬಿಸಿಲು ಬಿದ್ದರೆ ದುಬಾರಿ ಲ್ಯಾಂಪ್ ಬೇಡವೇ ಬೇಡ. ಫ್ಲ್ಯಾಟಿನೊಳಗೆ ಸಾಕುವವರಿಗೆ ಯುವಿಬಿ ಟ್ಯೂಬ್ ಅನಿವಾರ್ಯ. ಅದನ್ನು ವರ್ಷಕ್ಕೊಮ್ಮೆ ಬದಲಿಸಿ, ಬೆಳಕು ಬರುತ್ತಿದ್ದರೂ ಕಿರಣ ಸತ್ತಿರುತ್ತದೆ.

ಹಂತ 5: ಮೊದಲ ಎರಡು ವಾರ

ಬಂದ ದಿನ ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಡಿ, ಬಾಯಾರಿದ್ದರೆ ಕುಡಿಯುತ್ತದೆ. ಬಹಳ ಸೊರಗಿದ್ದರೆ ಕೆಲವು ದಿನ ಆಳ ಕಡಿಮೆ ಇರಲಿ. ಒಂದು ವಾರ ತಿನ್ನದಿದ್ದರೂ ಕಾಯಿರಿ, ಬಾಯಿಗೆ ತುರುಕಬೇಡಿ. ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಗುವ ಡಬ್ಬಿ ಅದಕ್ಕೇ ಬೇರೆ ಇರಲಿ. ಆಮೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ಅಮೆರಿಕ 1975ರಲ್ಲೇ ನಿಷೇಧಿಸಿದ್ದು ಮಕ್ಕಳಿಗೆ ಕಾಯಿಲೆ ಹಬ್ಬಿದ್ದರಿಂದ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬೇಡಿ.

ಹಂತ 6: ಊಟ

ಮಂಡಕ್ಕಿ, ಬ್ರೆಡ್, ಅನ್ನ ಹಾಕುವುದನ್ನು ಇವತ್ತೇ ನಿಲ್ಲಿಸಿ. ಒಣ ಸಿಗಡಿ ಮಾತ್ರ ತುಂಬಿದ ಡಬ್ಬಿಗಳನ್ನು ಆಮೆಯ ಪೂರ್ಣ ಆಹಾರವೆಂದು ಮಾರುತ್ತಾರೆ. ಅದನ್ನೊಂದೇ ತಿಂದ ಆಮೆಗೆ ವಿಟಮಿನ್ ಎ ಸಿಗದೆ ಕಣ್ಣು ಊದಿ ಮುಚ್ಚಿಹೋಗುತ್ತದೆ; ಕಣ್ಣು ಕಾಣದ ಆಮೆ ತಿನ್ನುವುದಿಲ್ಲ. ಆಮೆಗೆಂದೇ ಮಾಡಿದ ತೇಲುವ ಕಾಳು ತನ್ನಿ. ಅದರ ತಲೆಯೊಳಗೆ ಹಿಡಿಸುವಷ್ಟೇ ಒಂದು ಹೊತ್ತಿನ ಪಾಲು. ಮರಿಗೆ ದಿನಾ, ದೊಡ್ಡದಕ್ಕೆ ದಿನ ಬಿಟ್ಟು ದಿನ. ದೊಡ್ಡದಕ್ಕೆ ಅರ್ಧಕ್ಕಿಂತ ಹೆಚ್ಚು ಸೊಪ್ಪೇ ಇರಬೇಕು: ಹೊನಗೊನ್ನೆ, ದಾಸವಾಳದ ಎಲೆ, ಸ್ವಲ್ಪ ನುಗ್ಗೆ, ತುರಿದ ಗಜ್ಜರಿ, ಸಿಹಿಗುಂಬಳ. ಪಾಲಕ್ ಬೇಡ, ಅದು ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಿಳಿಗಳಿಗೆ ಕೊಡುವ ಕಟಲ್ ಬೋನಿನ ಗಟ್ಟಿ ಬೆನ್ನು ತೆಗೆದು ತುಂಡೊಂದನ್ನು ನೀರಿನಲ್ಲಿ ತೇಲಿಬಿಡಿ. ಸಾಧ್ಯವಾದರೆ ಬೇರೆ ಸಣ್ಣ ಟಬ್ಬಿನಲ್ಲಿ ಉಣ್ಣಿಸಿ, ತೊಟ್ಟಿ ಅರ್ಧದಷ್ಟು ಕಡಿಮೆ ಕೊಳೆಯಾಗುತ್ತದೆ.

ಹಂತ 7: ವೈದ್ಯರ ಬಳಿ

ಚಿಪ್ಪಿನ ತೆಳ್ಳನೆಯ ಪದರ ಕಳಚುವುದು, ಬೋರ್ ನೀರಿನ ಬಿಳಿ ಉಪ್ಪು ಕೂರುವುದು ರೋಗವಲ್ಲ. ಪದರವನ್ನು ಕೀಳಬೇಡಿ. ಹೊಳೆಯಲೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ. ಸಣ್ಣ ಗಾಯಕ್ಕೆ ಪೊವಿಡೋನ್ ಅಯೋಡಿನ್ನನ್ನು ಹಾಲಿಲ್ಲದ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ, ಒಂದು ಗಂಟೆ ಒಣಗಿಸಿ ಮತ್ತೆ ನೀರಿಗೆ ಬಿಡಬಹುದು. ಗುಣವಾಗದಿದ್ದರೆ, ಕಣ್ಣು, ಉಸಿರು, ಕಿವಿಯ ತೊಂದರೆಯಾದರೆ ಪಶು ವೈದ್ಯರೇ ಬೇಕು.

ನಮ್ಮಲ್ಲಿ ಆಸ್ಪತ್ರೆಗೆ ಬರುವುದು ಹೆಚ್ಚಾಗಿ ದನ, ಎಮ್ಮೆ, ಕುರಿ. ಕುರಿಗಳಿಗೆ ಮಾಮೂಲಿಯಾಗಿ ಹಾಕುವ ಐವರ್‌ಮೆಕ್ಟಿನ್ ಎಂಬ ಜಂತುನಾಶಕ ಆಮೆಗೆ ಪ್ರಾಣಾಂತಿಕ. ಸಂಕೋಚ ಪಡದೆ ಮೊದಲೇ ಹೇಳಿ. ಇಂಜೆಕ್ಷನ್ ಮುಂಗಾಲಿನ ಭಾಗಕ್ಕೆ ಹಾಕುವುದು ಕ್ರಮ, ಏಕೆಂದರೆ ಹಿಂಗಾಲಿನ ರಕ್ತ ಮೊದಲು ಮೂತ್ರಪಿಂಡಕ್ಕೆ ಹೋಗುತ್ತದೆ. ಔಷಧದ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ನೀವು ಬರೆದಿಟ್ಟ ತೂಕದ ಚೀಟಿ ಕೊಂಡೊಯ್ಯಿರಿ.

ಹೆಣ್ಣಾಮೆ ಗಂಡಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ತಿನ್ನುವುದು ಬಿಟ್ಟು, ಹಿಂಗಾಲಿನಿಂದ ಕೆರೆಯುತ್ತ ಹೊರಬರಲು ಹೆಣಗಾಡಿದರೆ ಒಂದಡಿ ಆಳಕ್ಕೆ ಹಸಿ ಮಣ್ಣು, ಮರಳು ತುಂಬಿದ ಪೆಟ್ಟಿಗೆಯಲ್ಲಿ ಬಿಡಿ. ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೆ ಕುತ್ತು.

ಜಾತ್ರೆಗೋ ಮದುವೆಗೋ ಊರಿಗೆ ಹೋಗುವುದಾದರೆ ಬೆಳೆದ ಆಮೆ ನಾಲ್ಕೈದು ದಿನ ಉಪವಾಸ ಇರಬಲ್ಲದು. ಪಕ್ಕದ ಮನೆಯವರಿಗೆ ಕಾಳಿನ ಡಬ್ಬಿ ಕೊಟ್ಟು ಹೋಗಬೇಡಿ, ಮಕ್ಕಳು ಒಂದೇ ದಿನ ಅಷ್ಟನ್ನೂ ಸುರಿಯುತ್ತಾರೆ. ಮಧ್ಯಾಹ್ನ ಮೂರಕ್ಕೆ ಬಂದು ಥರ್ಮಾಮೀಟರ್ ನೋಡಿ, 32 ದಾಟಿದ್ದರೆ ಫ್ಯಾನ್ ಹಾಕಿ ಒಂದು ಬಾಟಲಿ ತೇಲಿಬಿಡುವಂತೆ ಹೇಳಿ ಬೀಗದ ಕೈ ಕೊಟ್ಟರೆ ಸಾಕು.